ಮೂರು ಮೂರು ಐದು

ಮಾರ್ಚ್ ೩, ಸೋಮವಾರ

ವ್ಯಾನಮ್ಮನ ಗಾಡಿ ಇವತ್ತು ಮತ್ತೆ ಬಂತು. ಮೂರು ವಾರದಲ್ಲಿ ನಾಲ್ಕನೇ ಸಲ. ಅದೇ ಹಳದಿ ದೀಪ. ಸ್ಕ್ಯಾನರ್ ಚುಚ್ಚಿದರೆ ಅದೇ ಕೋಡು: ಪಿ ಸೊನ್ನೆ ಮೂರು ಮೂರು ಐದು. ಈ ಅಂಕಿಯನ್ನು ಎಷ್ಟು ನೋಡಿದ್ದೇನೆಂದರೆ, ಯಾರಾದರೂ ಗಂಟೆ ಎಷ್ಟು ಎಂದು ಕೇಳಿದರೆ ಮೂರು ಮೂವತ್ತೈದು ಎಂದುಬಿಡುತ್ತೇನೆ.

"ಏನಂತೆ ಅದು?" ಎಂದರು ವ್ಯಾನಮ್ಮ.

"ಎಂಜಿನ್ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಗಾಡಿಯ ಕಂಪ್ಯೂಟರಿಗೆ ಹೇಳೋಕೆ ಕೆಳಗೊಂದು ಸೆನ್ಸರ್ ಇದೆ. ಅದರ ಸುದ್ದಿ ಬರ್ತಿಲ್ಲ ಅಂತಿದೆ. ಸುದ್ದಿ ನಿಂತ್ರೆ ಕಂಪ್ಯೂಟರು ಎಂಜಿನ್ನನ್ನೇ ಆರಿಸಿಬಿಡುತ್ತೆ."

"ಹೋದ ವಾರ ಹೊಸ ಸೆನ್ಸರ್ ಹಾಕಿದ್ರಲ್ಲಾ?"

ಹಾಕಿದ್ದೆ. ಅದನ್ನು ಅಪ್ಪನ ಎದುರಿಗೇ ಕೇಳಬೇಕಿತ್ತೇ?

ಹದಿನಾರು ವರ್ಷದ ಗಾಡಿ. ಪಕ್ಕದ ಜಾರುಬಾಗಿಲು ಎಳೆಯುವುದಕ್ಕೆ ಎರಡು ಕೈ ಬೇಕು. ಸೋಮ, ಬುಧ, ಶುಕ್ರ ಅದು ಆರು ಜನರನ್ನು ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ದು ವಾಪಸು ಮನೆಗೆ ಬಿಡುತ್ತದೆ. ವ್ಯಾನಮ್ಮನ ಗಂಡ ನಾಲ್ಕು ವರ್ಷ ಅದರಲ್ಲೇ ಹೋಗಿ ಬರುತ್ತಿದ್ದರು. ಅವರು ತೀರಿಕೊಂಡ ಮುಂದಿನ ವಾರ ಮಿಕ್ಕವರು ಒಬ್ಬೊಬ್ಬರಾಗಿ ಫೋನ್ ಮಾಡಿ, ಹಿಂಜರಿಯುತ್ತ, "ನಾಳೆ ಬರ್ತೀರಾ?" ಎಂದು ಕೇಳಿದರಂತೆ. ಅಂದಿನಿಂದ ಇವರು ನಿಲ್ಲಿಸಿಲ್ಲ. ಇಂಥ ಗಾಡಿ ನಡುರಸ್ತೆಯಲ್ಲಿ ಆರುವುದು ಹುಡುಗಾಟವಲ್ಲ.

"ನಿನ್ನ ಕೈಲಿ ಆಗ್ದಿದ್ರೆ ಮೇಷ್ಟ್ರಿಗೆ ತೋರಿಸು," ಎಂದರು ಅಪ್ಪ, ಕುರ್ಚಿಯಿಂದಲೇ.

ಮೇಷ್ಟ್ರಂತೆ! ಟಿವಿ ರಿಪೇರಿ ಅಂಗಡಿ ಮುಚ್ಚಿಕೊಂಡು ಬಂದ ಆಸಾಮಿ. ನಮ್ಮ ಗ್ಯಾರೇಜಿಗೆ ಸೇರಿ ನಲವತ್ತು ದಿನವಾಯಿತು. ನಾನು ಇಲ್ಲಿ ಕೈ ಕಪ್ಪು ಮಾಡಿಕೊಂಡು ಇಪ್ಪತ್ತಾರು ವರ್ಷ. ಅವನು ಮೇಷ್ಟ್ರು, ನಾನು ಇವತ್ತಿಗೂ "ಏಯ್". ಈ ಪುಸ್ತಕದಲ್ಲಿ ಅವನ ಹೆಸರು ಟಿವಿ. ಅಷ್ಟು ಸಾಕು.

"ನನ್ನ ಕೈಲಿ ಆಗುತ್ತೆ," ಎಂದೆ.

ಮಾರ್ಚ್ ೫, ಬುಧವಾರ

ಸೆನ್ಸರಿನ ವೈರು ಸಿಕ್ಕಿಸುವ ಕೊಂಡಿ ಬಿಚ್ಚಿ, ತೊಳೆದು, ಒಣಗಿಸಿ ಕೂರಿಸಿದ್ದೆ. ಮಧ್ಯಾಹ್ನ ವ್ಯಾನಮ್ಮನ ಫೋನ್. ರೈಲು ಹಳಿಯ ಮೇಲ್ಸೇತುವೆ ಹತ್ತುವಾಗ ಎಂಜಿನ್ ಒಮ್ಮೆ ಆರಿತಂತೆ, ಕೀ ತಿರುಗಿಸಿದ ಕೂಡಲೇ ಹತ್ತಿತಂತೆ. ದೀಪ ಮಾತ್ರ ಉರಿಯುತ್ತಲೇ ಇದೆ.

ನಾನು ಫೋನ್ ಹಿಡಿದು "ಹೂಂ, ಹೂಂ" ಎನ್ನುತ್ತಿದ್ದಾಗ ಟಿವಿ ತನ್ನ ಮೇಜಿನ ಮೇಲೆ ಬಗ್ಗಿ ಯಾರದೋ ಕಾರಿನ ಕಿಟಕಿ ಸ್ವಿಚ್ಚಿಗೆ ಬೆಸುಗೆ ಹಾಕುತ್ತಿದ್ದ. ಅಪ್ಪ ಪಕ್ಕದಲ್ಲಿ ಕುಳಿತು, ಮಕ್ಕಳು ಗಾಳಿಪಟ ನೋಡುವ ಹಾಗೆ ನೋಡುತ್ತಿದ್ದರು. ಕೈ ನಡುಗುವುದಕ್ಕೆ ಶುರುವಾಗಿ ಪಾನಾ ಹಿಡಿಯುವುದು ಬಿಟ್ಟ ಮೇಲೆ ಅಪ್ಪನ ಕುರ್ಚಿ ಇಷ್ಟು ದಿನ ಬಾಗಿಲ ಬಳಿ ಇತ್ತು. ಅದು ಯಾವಾಗ ಅವನ ಮೇಜಿನ ಪಕ್ಕಕ್ಕೆ ಹೋಯಿತೋ ನನಗೆ ಗೊತ್ತೇ ಆಗಿಲ್ಲ.

ಮಾರ್ಚ್ ೬, ಗುರುವಾರ

ಇವತ್ತು ಅಪ್ಪ ಅವನಿಗೆ "ಭೇಷ್" ಎಂದದ್ದು ಮೂರು ಸಲ. ಒಂದು ಸಲ ಕಿಟಕಿ ಸ್ವಿಚ್ಚಿಗೆ. ಒಂದು ಸಲ ಹಾರ್ನ್ ರಿಪೇರಿಗೆ. ಇನ್ನೊಂದು ಸಲ ಯಾತಕ್ಕೆ ಎಂದು ನೋಡಿದರೆ, ಅವನು ಗೋಡೆಗಡಿಯಾರಕ್ಕೆ ಹೊಸ ಸೆಲ್ ಹಾಕಿದ್ದ.

ನಾನು ಒಬ್ಬಳೇ ಗೇರ್‌ಬಾಕ್ಸ್ ಇಳಿಸಿದೆ.

ಅವನ ಕೈಬರಹ ಕೂಡ ಚೆನ್ನಾಗಿದೆ. ಹಾಳಾಗಿ ಹೋಗಲಿ.

ಮಾರ್ಚ್ ೮, ಶನಿವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ಊಟ ಇಳಿಯುವುದಿಲ್ಲ.

ಅಪ್ಪ ತಾವೇ ಮಾಡಿಕೊಂಡಿದ್ದ ಟೆಸ್ಟ್ ಲ್ಯಾಂಪ್ ಒಂದಿದೆ. ಹಿತ್ತಾಳೆಯ ಮೊನೆ, ಮರದ ಹಿಡಿ, ಹಿಡಿಯೊಳಗೆ ಪುಟ್ಟ ಬಲ್ಬು. ವೈರಿಗೆ ಚುಚ್ಚಿದರೆ ಕರೆಂಟ್ ಇದೆಯೋ ಇಲ್ಲವೋ ಹೇಳುತ್ತದೆ. ಹದಿನೈದನೇ ವಯಸ್ಸಿನಲ್ಲಿ ಅದನ್ನು ಮುಟ್ಟಿದ್ದಕ್ಕೆ ಬೈಸಿಕೊಂಡಿದ್ದೆ. ಇವತ್ತು ಅಪ್ಪ ಅದನ್ನು ಬಟ್ಟೆಯಲ್ಲಿ ಒರೆಸಿ ಟಿವಿಯ ಮುಂದೆ ಇಟ್ಟರು.

"ಇಟ್ಕೊಳ್ಳಿ ಮೇಷ್ಟ್ರೇ. ಬೆಲೆ ಗೊತ್ತಿರೋರ ಹತ್ರ ಇರ್ಲಿ."

"ಬೇಡ ಯಜಮಾನ್ರೇ," ಎಂದ ಅವನು, ನನ್ನ ಕಡೆ ನೋಡಿ. "ಮೇಡಂ ಹತ್ರ ಇರ್ಲಿ."

"ಅವಳಿಗ್ಯಾಕೆ? ಅವಳು ಸುತ್ತಿಗೆ ಹಿಡಿಯೋಳು."

ನಾನು ಒಂದು ಬೇರಿಂಗಿನ ಹಳೇ ಗ್ರೀಸ್ ಕೆರೆಯುತ್ತಿದ್ದೆ. ಕೆರೆಯುತ್ತಲೇ ಇದ್ದೆ. ಕೆರೆಯುವುದಕ್ಕೆ ಏನೂ ಉಳಿಯದ ಮೇಲೂ ಕೆರೆದೆ. ಅಪ್ಪ ಕೊಟ್ಟದ್ದಕ್ಕಿಂತ ಅವನು "ಮೇಡಂ ಹತ್ರ ಇರ್ಲಿ" ಎಂದದ್ದು ಹೆಚ್ಚು ಉರಿಯಿತು. ನನ್ನ ಅಪ್ಪನ ವಸ್ತುವನ್ನು ನನಗೆ ದಾನ ಮಾಡಲು ಇವನ್ಯಾರು?

ಮಾರ್ಚ್ ೧೧, ಮಂಗಳವಾರ

ವ್ಯಾನಮ್ಮ ಗಾಡಿ ತಂದರು. ಇನ್ನೊಂದು ಹೊಸ ಸೆನ್ಸರ್ ತರಿಸಿಟ್ಟಿದ್ದೆ. ಅದನ್ನು ಹಾಕಿ ಕೆಳಗಿನಿಂದ ಹೊರಬರುವಷ್ಟರಲ್ಲಿ ಟಿವಿ ಕೈಕಟ್ಟಿ ನಿಂತಿದ್ದ.

"ಮೇಡಂ, ಒಂದು ಮಾತು ಹೇಳ್ಲಾ? ಸೆನ್ಸರ್ ತಪ್ಪಿಲ್ಲ ಅನ್ಸುತ್ತೆ. ಸುದ್ದಿ ಬರೋ ದಾರಿ ನೋಡ್ಬೇಕು. ಟಿವಿಯಲ್ಲೂ ಹಂಗೇ. ಚಿತ್ರ ಬರ್ಲಿಲ್ಲ ಅಂದ್ರೆ ಎಲ್ಲರೂ ಮೊದಲು ಪಿಕ್ಚರ್ ಟ್ಯೂಬನ್ನ ಬಯ್ತಾರೆ."

"ಇದು ಟಿವಿ ಅಲ್ಲ."

"ಅಲ್ಲ ಮೇಡಂ." ಮತ್ತೆ ಶುರುಮಾಡಿದ. "ಕೋಡ್ ಬೀಳೋ ಕ್ಷಣದಲ್ಲಿ ಗಾಡಿ ಎಷ್ಟು ವೇಗದಲ್ಲಿತ್ತು, ಎಂಜಿನ್ ಮೇಲೆ ಎಷ್ಟು ಭಾರ ಇತ್ತು, ಎಷ್ಟು ಬಿಸಿ ಇತ್ತು, ಎಲ್ಲಾ ಕಂಪ್ಯೂಟರು ಬರೆದಿಟ್ಟಿರುತ್ತೆ. ನಾವು ಪ್ರತಿ ಸಲ ಕೋಡ್ ಅಳಿಸ್ದಾಗ ಅದೂ ಅಳಿಸಿಹೋಗ್ತಿದೆ. ನಾಳೆ ದೀಪ ಬಂದ್ರೆ ಬರ್ಲಿ. ಅಳಿಸೋದು ಬೇಡ. ಗುರುವಾರ ಕೂತು ಓದೋಣ, ಆಮೇಲೆ ಮೀಟರ್ ಹಾಕ್ಕೊಂಡು ಸೇತುವೆ ಹತ್ತಿಸಿ ನೋಡೋಣ."

ನಾವು ಎಂದ. ಅಳಿಸಿದ್ದು ನಾನೊಬ್ಬಳೇ ಎಂದು ಇಬ್ಬರಿಗೂ ಗೊತ್ತು.

"ಕೇಳಿದ್ಯಾ?" ಎಂದರು ಅಪ್ಪ ನನಗೆ. "ಯೋಚನೆ ಮಾಡೋದು ಅಂದ್ರೆ ಇದು."

ವ್ಯಾನಮ್ಮ ಕೂಡ ತಲೆಯಾಡಿಸಿದರು. ನಾಲ್ಕು ವರ್ಷದಿಂದ ಆ ಗಾಡಿಯ ಒಂದೊಂದು ಬೋಲ್ಟನ್ನೂ ಬಿಗಿಮಾಡಿದವಳು ನಾನು.

ಮಾರ್ಚ್ ೧೩, ಗುರುವಾರ

ನಿನ್ನೆ ಸೇತುವೆಯ ಮೇಲೆ ದೀಪ ಬಂದಿದೆ. ವ್ಯಾನಮ್ಮ ಬೆಳಿಗ್ಗೆ ಗಾಡಿ ಬಿಟ್ಟು ಹೋದರು. ಟಿವಿ ಕನ್ನಡಕ ಬದಲಿಸಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ, ಮೂರು ಗಂಟೆಗೆ ಬರುತ್ತೇನೆ ಎಂದು ಹೇಳಿ.

ಹನ್ನೊಂದಕ್ಕೆ ನಾನೇ ಕೊಂಡಿಯನ್ನು ಮತ್ತೆ ಬಿಚ್ಚಿದೆ. ಒಳಗಿನ ಒಂದು ಪಿನ್ ಸಡಿಲ! ಉಗುರು ತಾಗಿಸಿದರೆ ಅಲ್ಲಾಡುತ್ತಿತ್ತು. ಇಷ್ಟು ದಿನ ಹೇಗೆ ಕಾಣಲಿಲ್ಲವೋ. ಅದನ್ನು ಬಿಗಿಮಾಡಿ, ಎಂಜಿನ್ ಹತ್ತಿಸಿ, ವೈರನ್ನು ಕೈಯಿಂದ ಅಲ್ಲಾಡಿಸಿದೆ. ಗಡಿಯಾರದಂತೆ ಓಡಿತು. ಇದೇ, ಇದೇ ಎಂದುಕೊಂಡೆ.

ಸ್ಕ್ಯಾನರ್ ಹಿಡಿದು ನಿಂತಾಗ ಎರಡು ದಾರಿ ಇದ್ದವು. ಕಂಪ್ಯೂಟರ್ ಬರೆದಿಟ್ಟಿದ್ದನ್ನು ಓದುವುದು, ಅಥವಾ ಅಳಿಸುವುದು. ಓದಿದರೆ ಅವನ ದಾರಿ ಸರಿ ಎಂದು ಒಪ್ಪಿದಂತೆ. ಅವನು ಮೂರು ಗಂಟೆಗೆ ಬಂದು ಅದೇ ಅಂಕಿಗಳನ್ನು ಓದಿ ಅಪ್ಪನಿಗೆ ವಿವರಿಸುತ್ತಾನೆ, ಪಿನ್ ಬಿಗಿಮಾಡಿದ ಹೆಸರೂ ಅವನಿಗೇ ಹೋಗುತ್ತದೆ. ಪರದೆ ಕೇಳಿತು: ಅಳಿಸಲೇ? ಹೌದು ಎಂದು ಒತ್ತಿದೆ. ದೀಪ ಆರಿತು.

ವ್ಯಾನಮ್ಮನಿಗೆ ಫೋನ್ ಮಾಡಿ "ಸಿಕ್ತು, ಸರಿ ಹೋಗಿದೆ, ಬನ್ನಿ" ಎಂದೆ. ಎರಡೂವರೆಗೆ ಒಯ್ದರು.

ಟಿವಿ ಬಂದು ಖಾಲಿ ಜಾಗ ನೋಡಿದ.

"ಗಾಡಿ ಹೋಯ್ತಾ?"

"ಹೋಯ್ತು. ಪಿನ್ ಸಡಿಲ ಇತ್ತು."

"ಕಂಪ್ಯೂಟರ್ ಬರೆದಿದ್ದನ್ನ ನೋಡಿದ್ರಾ?"

"ಬೇಕಾಗ್ಲಿಲ್ಲ. ಪಿನ್ ಬಿಗಿ ಮಾಡಿದ್ಮೇಲೆ ದೀಪ ತಾನಾಗೇ ಆರಿತು."

ಬಾಯಿಂದ ಹೊರಟೇಹೋಯಿತು. ಸುಳ್ಳು ಹೇಳಬೇಕೆಂದು ಯೋಚಿಸಿರಲಿಲ್ಲ. ಅಪ್ಪ ಪತ್ರಿಕೆಯಿಂದ ತಲೆಯೆತ್ತಿ, "ಸರಿ ಹೋಯ್ತಾ?" ಎಂದರು. "ಹೋಯ್ತು," ಎಂದೆ. ಅವರು ತಲೆಯಾಡಿಸಿದರು. ಮನೆಗೆ ಬರುವ ದಾರಿಯಲ್ಲಿ ಆ ತಲೆಯಾಡಿಸಿದ್ದನ್ನು ಎರಡು ಮೂರು ಸಲ ನೆನಪಿಸಿಕೊಂಡೆ.

ಮಾರ್ಚ್ ೧೪, ಶುಕ್ರವಾರ

ಸರಿ ಹೋಗಿರಲಿಲ್ಲ.

ಆಸ್ಪತ್ರೆಯಿಂದ ವಾಪಸು ಬರುವಾಗ ಸೇತುವೆಯ ಏರಿನಲ್ಲೇ ಆರಿತು. ಈ ಸಲ ಎಷ್ಟು ತಿರುಗಿಸಿದರೂ ಹತ್ತಲಿಲ್ಲ. ಹಿಂದೆ ಲಾರಿಗಳ ಸಾಲು, ನೆತ್ತಿ ಸುಡುವ ಬಿಸಿಲು. ಡಯಾಲಿಸಿಸ್ ಆದ ಮೇಲೆ ಅವರೆಲ್ಲ ಹಿಂಡಿದ ಬಟ್ಟೆಯ ಹಾಗೆ ಇರುತ್ತಾರೆ. ಮುಂದಿನ ಸೀಟಿನಲ್ಲಿ ಕೂರುವ ದರ್ಜಿಯವರಿಗೆ ಬಿಪಿ ಇಳಿದು ಪ್ರಜ್ಞೆ ತಪ್ಪಿತು. ಆಂಬುಲೆನ್ಸ್ ಬಂದು ಅವರನ್ನು ಮತ್ತೆ ಆಸ್ಪತ್ರೆಗೇ ಕರೆದುಕೊಂಡು ಹೋಯಿತು.

ಫೋನಿನಲ್ಲಿ ವ್ಯಾನಮ್ಮ ಬೈಯಲಿಲ್ಲ. "ಸರಿ ಹೋಗಿದೆ ಅಂದ್ರಲ್ಲಾ," ಎಂದರು, ಅಷ್ಟೇ.

ಮಾರ್ಚ್ ೧೫, ಶನಿವಾರ

ದರ್ಜಿಯವರು ಕಣ್ಣು ಬಿಟ್ಟಿದ್ದಾರೆ, ಎರಡು ದಿನ ಇಟ್ಟುಕೊಳ್ಳುತ್ತಾರೆ ಎಂದು ಸುದ್ದಿ ಬಂತು. ಅದು ಬರುವವರೆಗೆ ನಾನು ಏನು ಕೆಲಸ ಮಾಡಿದೆನೋ ನೆನಪಿಲ್ಲ.

ಗಾಡಿಯನ್ನು ಎಳೆದುಕೊಂಡು ಬಂದರು. ಟಿವಿ ಸ್ಕ್ಯಾನರ್ ಚುಚ್ಚಿದ. ನಾನು ಅವನ ಹಿಂದೆಯೇ ನಿಂತಿದ್ದೆ. ಪುಟ ಸರಿಸುತ್ತ ಹೋದವನು ಒಂದು ಸಾಲಿನಲ್ಲಿ ನಿಂತ. ನನಗೂ ಕಾಣಿಸಿತು. "ಕೋಡ್ ಅಳಿಸಿದ ನಂತರ ಓಡಿದ ದೂರ: ೪೧ ಕಿಲೋಮೀಟರ್."

ಕಂಪ್ಯೂಟರ್ ಅದನ್ನೂ ಲೆಕ್ಕ ಇಡುತ್ತದೆಂದು ನನಗೆ ಗೊತ್ತಿರಲಿಲ್ಲ. ಇಲ್ಲಿಂದ ವ್ಯಾನಮ್ಮನ ಮನೆ, ಅಲ್ಲಿಂದ ಆರು ಜನರ ಮನೆ, ಆಸ್ಪತ್ರೆ, ವಾಪಸು ಸೇತುವೆ. ಕೂಡಿಸಿದರೆ ನಲವತ್ತೊಂದೇ. ಗುರುವಾರ ಎರಡೂವರೆಗೆ ಮುಂಚೆ ಈ ಗ್ಯಾರೇಜಿನಲ್ಲಿ ಯಾರೋ ಅಳಿಸಿದ್ದಾರೆ ಎಂದು ಅರ್ಥ. ದೀಪ ತಾನಾಗೇ ಆರಿಲ್ಲ ಎಂದು ಅರ್ಥ.

"ಏನು ತೋರಿಸ್ತಿದೆ ಮೇಷ್ಟ್ರೇ?" ಎಂದರು ಅಪ್ಪ.

ಅವನು ಮುಂದಿನ ಪುಟಕ್ಕೆ ಸರಿಸಿದ. "ಹಳೇದೇ ಯಜಮಾನ್ರೇ. ಮೂರು ಮೂರು ಐದು."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆಯವರೆಗೆ ಎಂದಿನ ಹಾಗೆಯೇ "ಮೇಡಂ, ಆ ಟಾರ್ಚ್ ಕೊಡ್ತೀರಾ" ಎನ್ನುತ್ತಿದ್ದ. ಬೆಸುಗೆಯಲ್ಲಿ ಅವನೇ ಮುಂದೆ, ಬುದ್ಧಿಯಲ್ಲಿ ಅವನೇ ಮುಂದೆ, ಈಗ ಒಳ್ಳೆಯತನದಲ್ಲೂ ಅವನೇ ಮುಂದೆ. ನನಗೆಂದು ಒಂದನ್ನಾದರೂ ಬಿಡಬಾರದೇ ಈ ಮನುಷ್ಯ?

ಮಾರ್ಚ್ ೧೬, ಭಾನುವಾರ

ಆಸ್ಪತ್ರೆಗೆ ಹೋಗಿದ್ದೆ. ದರ್ಜಿಯವರು ಗೋಡೆ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ, ದಿಂಬಿನ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು.

"ನೀನು ಗ್ಯಾರೇಜಿನ ಮಗಳಲ್ವಾ? ಕೂತ್ಕೋಮ್ಮ. ಈ ಹೊಲಿಗೆ ನೋಡು, ಒಂದು ತಿಂಗಳು ಬಾಳಲ್ಲ."

ಹೇಗಿದ್ದೀರಿ ಎಂದು ಕೇಳುವುದಕ್ಕೆ ಹೋಗಿದ್ದೆ. ಆದರೆ ಕೂತ ಕೂಡಲೇ ಎಲ್ಲ ಹೇಳಿಬಿಟ್ಟೆ. ಕೋಡು, ಅಳಿಸಿದ್ದು, ಯಾಕೆ ಅಳಿಸಿದೆ, ಟಿವಿ, ಅಪ್ಪ. ಆ ಬಡಪಾಯಿ ಏನು ಪಾಪ ಮಾಡಿದ್ದರೋ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿ ನನ್ನ ಹೊಟ್ಟೆಕಿಚ್ಚಿನ ಕಥೆ ಕೇಳಬೇಕಾಯಿತು.

ಕೇಳಿ ಮುಗಿಸಿ ದಿಂಬನ್ನು ಬೆನ್ನ ಹಿಂದೆ ಸರಿಮಾಡಿಕೊಂಡರು. ಆಮೇಲೆ ಹೇಳಿದರು: "ಹೊಲಿದಿದ್ದು ತಪ್ಪಾಗುತ್ತೆ, ಬಿಚ್ಚಿ ಹೊಲಿತೀವಿ. ನನಗೂ ಎಷ್ಟೋ ಸಲ ಆಗಿದೆ. ನೀನು ಬಿಚ್ಚಿ ನೋಡ್ಲಿಲ್ಲ, ಇಸ್ತ್ರಿ ಹೊಡೆದು ಕೊಟ್ಟುಬಿಟ್ಟೆ. ಅದು ತಪ್ಪಮ್ಮ."

"ಹೌದು," ಎಂದೆ.

"ನನಗೆ ಹೇಳಿದ್ದು ಸುಲಭ. ಆ ತಾಯಿಗೆ ಹೇಳು. ನಿನ್ನೆ ಈ ಮಂಚದ ಪಕ್ಕ ಕೂತು ನನ್ನ ಕೈ ಹಿಡ್ಕೊಂಡು, ಗಾಡಿ ಹಳೇದಾಯ್ತು, ನನ್ನಿಂದ ತಪ್ಪಾಯ್ತು ಅಂತ ಅಳ್ತಿದ್ರು."

ಎದ್ದು ಬರುವಾಗ ಏನೋ ನೆನಪಾದಂತೆ ಕರೆದರು. "ಇನ್ನೊಂದು ವಿಷಯ. ಆರೋ ಮುಂಚೆ ಪ್ರತಿ ಸಲ ನನ್ನ ಕಾಲಡಿ ಧಡ್ ಅಂತ ಬಡಿಯುತ್ತೆ. ಮೊದಲು ಬಡಿಯುತ್ತೆ, ಆಮೇಲೆ ಆರುತ್ತೆ. ಇಷ್ಟು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು, ತಿಳಿಯುತ್ತೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಮೊದಲು ಬಡಿಯುತ್ತೆ, ಆಮೇಲೆ ಆರುತ್ತೆ. ಬಸ್ಸಿನಲ್ಲಿ ಪೂರ್ತಿ ಅದೇ ತಲೆಯಲ್ಲಿ ಓಡಿತು.

ಮಾರ್ಚ್ ೧೭, ಸೋಮವಾರ

ಬೆಳಿಗ್ಗೆ ಎಂಟಕ್ಕೇ ಹೋದೆ. ಗಾಡಿ ನಮ್ಮಲ್ಲೇ ಇದ್ದದ್ದರಿಂದ ಮಿಕ್ಕ ಐವರು ಇವತ್ತು ಆಟೋ ಹಿಡಿದು ಡಯಾಲಿಸಿಸ್‌ಗೆ ಹೋದರಂತೆ. ಟಿವಿ ಆಗಲೇ ಬಂದಿದ್ದರು. ದರ್ಜಿಯವರು ಹೇಳಿದ್ದನ್ನು ಹೇಳಿದೆ.

"ಎಂಜಿನ್ ಹಿಡಿದಿಡೋ ರಬ್ಬರ್ ಹೋಗಿರ್ಬೇಕು," ಎಂದೆ. "ಏರಿನಲ್ಲಿ ಆರು ಜನರ ಭಾರ ಎಳೆಯುವಾಗ ಎಂಜಿನ್ ಹಿಂದಕ್ಕೆ ವಾಲಿ ಬಡಿಯುತ್ತೆ. ವಾಲಿದಾಗ ಅದರ ಜೊತೆ ಏನು ಎಳೆದಂಗಾಗುತ್ತೆ?"

ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ವೈರು."

"ನಾನು ಕೈಯಿಂದ ಅಲ್ಲಾಡಿಸಿ ನೋಡಿದ್ದು ಎಂಜಿನ್ ಸುಮ್ನೆ ನಿಂತಲ್ಲೇ ಓಡೋವಾಗ."

"ಇನ್ನೇನು ತಡ, ವಾಲಿಸಿ ನೋಡೋಣ ಬನ್ನಿ ಮೇಡಂ."

ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬಾನೆಟ್ ತೆರೆದಿಟ್ಟೆವು. ಅವರು ಕಂಪ್ಯೂಟರಿಗೆ ಹೋಗುವ ವೈರಿಗೆ ಮೀಟರ್ ಹಿಡಿದರು. ನಾನು ಒಳಗೆ ಕುಳಿತು ಕೀ ತಿರುಗಿಸಿದೆ, ಶುಕ್ರವಾರ ಮೊಂಡು ಹಿಡಿದಿದ್ದ ಎಂಜಿನ್ ಇವತ್ತು ಹತ್ತಿತು. ಗೇರ್ ಹಾಕಿ, ಕ್ಲಚ್ಚನ್ನು ಅರ್ಧ ಬಿಟ್ಟು, ಆಕ್ಸಿಲರೇಟರ್ ಒತ್ತಿದೆ. ಗಾಡಿ ಮುಂದೆ ಹೋಗಲಾರದೆ ಮುಕ್ಕರಿಯಿತು. ಎಂಜಿನ್ ಮಗ್ಗುಲು ಬದಲಿಸುವ ಎಮ್ಮೆಯ ಹಾಗೆ ಎದ್ದು ಹಿಂದಕ್ಕೆ ವಾಲಿತು. ಧಡ್! ನನ್ನ ಕಾಲಿಗೇ ಬಡಿಯಿತು. "ಸೊನ್ನೆ! ಸೊನ್ನೆಗೆ ಬಿತ್ತು!" ಎಂದು ಅವರು ಕೂಗಿದರು. ಎಂಜಿನ್ ಆರಿತು. ಹಳದಿ ದೀಪ ಬಂತು. ಆ ದೀಪ ನೋಡಿ ಇಷ್ಟು ಖುಷಿಯಾಗುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಅವರು ವೈರನ್ನು ಎರಡು ಬೆರಳಲ್ಲಿ ಅಂಗುಲ ಅಂಗುಲವಾಗಿ ಹಿಸುಕುತ್ತ ಹೋಗಿ ಒಂದು ಕಡೆ ನಿಂತರು. "ಇಲ್ಲಿ ಮೆತ್ತಗಿದೆ. ಮುಟ್ಟಿ ನೋಡಿ." ಮೇಲಿನ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿಯೇ ಇತ್ತು. ಸೀಳಿದರೆ ಒಳಗಿನ ತಾಮ್ರ ತುಂಡಾಗಿ, ತುದಿಗೆ ತುದಿ ತಾಗಿಕೊಂಡು ಕುಳಿತಿತ್ತು. ಎಳೆದರೆ ದೂರ, ಬಿಟ್ಟರೆ ಹತ್ತಿರ. ಶುಕ್ರವಾರ ಏರಿನಲ್ಲಿ ದೂರವಾಗಿದ್ದು ಹತ್ತಿರವೇ ಆಗಿರಲಿಲ್ಲ, ಗಾಡಿ ಎಳೆದು ತರುವಾಗಿನ ಕುಲುಕಿಗೆ ಮತ್ತೆ ತಾಗಿಕೊಂಡಿರಬೇಕು.

ಅವರು ಬೆಸುಗೆ ಹಾಕಿ ಮುಗಿಯಿತು ಎಂದರು. ಮುಗಿಯುವುದಿಲ್ಲ ಎಂದೆ ನಾನು. ರಬ್ಬರ್ ಬದಲಿಸದಿದ್ದರೆ ಎರಡು ತಿಂಗಳಲ್ಲಿ ಇನ್ನೊಂದು ಕಡೆ ತುಂಡಾಗುತ್ತದೆ. ವೈರಿಗೂ ಒಂದು ಗೇಣು ಸಡಿಲ ಬಿಡಬೇಕು. ಇಬ್ಬರೂ ಸೇರಿ ಮೂರು ಗಂಟೆ ಕೆಳಗೆ ಮಲಗಿದ್ದೆವು. ತುಕ್ಕು ಇಬ್ಬರ ಕಣ್ಣಿಗೂ ಬಿತ್ತು.

ಅಲ್ಲೇ, ಕೆಳಗೆ ಮಲಗಿದ್ದಾಗಲೇ ಕೇಳಿದೆ. "ಶನಿವಾರ ಆ ನಲವತ್ತೊಂದು ಕಿಲೋಮೀಟರ್ ನೋಡಿದ್ರಿ. ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿ ನನಗೇನು ಆಗ್ಬೇಕಿತ್ತು?" ಬೋಲ್ಟ್ ತಿರುಗಿಸುತ್ತಲೇ ಹೇಳಿದರು. "ನನ್ನ ಅಂಗಡಿ ಎದುರಿಗೆ ಒಬ್ಬ ದೊಡ್ಡ ಶೋರೂಮ್ ತೆಗೆದ. ನನ್ನ ಗಿರಾಕಿಗಳೆಲ್ಲ ಅಲ್ಲಿಗೆ. ಒಂದು ದಿನ ಅವನ ಬೋರ್ಡಿನ ದೀಪ ಹೋಯ್ತು. ನಾನು ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತು ನೋಡಿದೆ, ಸಿನಿಮಾ ನೋಡೋ ಹಂಗೆ. ಸ್ವಲ್ಪ ಹೊತ್ತಿಗೆ ಆ ಮನುಷ್ಯ ರಸ್ತೆ ದಾಟಿ ಬಂದು, ಅಣ್ಣಾ, ಸ್ವಲ್ಪ ನೋಡ್ತೀರಾ ಅಂದ."

"ನೋಡಿದ್ರಾ?"

"ಇವತ್ತು ಬಿಡುವಿಲ್ಲ ಅಂದೆ. ಕುರ್ಚಿಯಿಂದ ಏಳದೇನೇ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಕ್ಕು ಮುಗಿದ ಮೇಲೆ ಹೇಳಿದರು: "ಯಜಮಾನ್ರು ಹೊರಗಿನವನನ್ನ ಹೊಗಳ್ತಾರೆ ಮೇಡಂ. ನಾನು ನಾಳೆ ಬಿಟ್ಟು ಹೋಗಬಹುದಲ್ಲ, ಅದಕ್ಕೆ. ನೀವು ಹೋಗಲ್ಲ ಅಂತ ಅವರಿಗೆ ಧೈರ್ಯ."

ಪಾನಾ ಕೇಳಿದೆ, ಕೊಟ್ಟರು.

ಹೊರಗೆ ಬಂದಾಗ ಅಪ್ಪ "ಭೇಷ್ ಮೇಷ್ಟ್ರೇ!" ಎಂದರು. "ರಬ್ಬರ್ ಮೇಡಂ ಹೇಳಿದ್ದು," ಎಂದರು ಅವರು. ಅಪ್ಪ "ಓಹೋ" ಎಂದು ಪತ್ರಿಕೆಯ ಪುಟ ತಿರುಗಿಸಿದರು. ಚುರುಕ್ ಎಂದಿತು, ಇಲ್ಲ ಎನ್ನುವುದಿಲ್ಲ. ಆದರೂ ಹೋಗಿ ಎದುರಿಗೆ ನಿಂತು, ಗುರುವಾರ ಕೋಡ್ ಅಳಿಸಿದವಳು ನಾನೇ, ತಾನಾಗಿ ಆರಿತು ಎಂದದ್ದು ಸುಳ್ಳು ಎಂದು ಹೇಳಿದೆ.

ಅಪ್ಪ ಕೂಗಾಡುತ್ತಾರೆ ಎಂದುಕೊಂಡಿದ್ದೆ. ನಡುಗುವ ಕೈಯಲ್ಲಿ ಪತ್ರಿಕೆ ಮಡಿಸಲು ನೋಡಿದರು, ಆಗಲಿಲ್ಲ. "ಗಾಡಿ ಯಾರದು? ಅವರಿಗೆ ಹೋಗಿ ಹೇಳು. ನನಗ್ಯಾಕೆ ಹೇಳ್ತೀಯ?" ಎಂದರು.

ಮಾರ್ಚ್ ೧೮, ಮಂಗಳವಾರ

ವ್ಯಾನಮ್ಮನ ಮನೆಗೆ ಹೋದೆ. ಮೇಷ್ಟ್ರು ನಾನೂ ಬರಲೇ ಎಂದರು. ಬೇಡ ಎಂದೆ.

ಬಾಗಿಲ ಪಕ್ಕದ ಗೂಟದಲ್ಲಿ ಅವರ ಗಂಡನ ಟೋಪಿ ಇನ್ನೂ ನೇತಾಡುತ್ತಿದೆ. ನಿಂತುಕೊಂಡೇ ಹೇಳಿದೆ. ಅವರು ಕೂತ್ಕೊಳ್ಳಿ ಎನ್ನಲಿಲ್ಲ.

"ಅಂದ್ರೆ ಗಾಡಿ ತಪ್ಪಲ್ಲ," ಎಂದರು ಕೊನೆಗೆ.

"ಅಲ್ಲ."

"ನನ್ನದೂ ಅಲ್ಲ."

"ಅಲ್ಲ. ನಂದು."

"ನಾನು ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲ ಗೊತ್ತಾ? ಗಾಡಿ ಮಾರಿಬಿಡೋಣ, ಎಲ್ಲರಿಗೂ ಫೋನ್ ಮಾಡಿ ಇನ್ನು ಬರಲ್ಲ ಅಂತ ಹೇಳೋಣ ಅಂದ್ಕೊಂಡಿದ್ದೆ." ಅವರ ದನಿ ಏರಿತು. "ಆ ಮೇಷ್ಟ್ರು ಅಳಿಸಬೇಡಿ ಅಂತ ನನ್ನೆದುರಿಗೇ ಹೇಳಿದ್ರಲ್ರೀ! ನಿಮ್ಮ ನಿಮ್ಮ ಜಿದ್ದಿಗೆ ಆ ಮುದುಕ ಸಾಯಬೇಕಿತ್ತಾ?"

ನಾನು ಬಾಗಿಲ ಬಳಿ ನಿಂತೇ ಇದ್ದೆ. ಅವರು ಒಳಗೆ ಹೋದರು, ನೀರಿನ ಶಬ್ದ ಕೇಳಿಸಿತು, ಮುಖ ತೊಳೆದುಕೊಂಡು ಹೊರಗೆ ಬಂದರು.

"ನಾಳೆ ಬೆಳಿಗ್ಗೆ ಆರಕ್ಕೆ ನೀವೇ ಗಾಡಿ ತನ್ನಿ. ಆರೂ ಜನ ಕೂತಿರ್ತಾರೆ. ಸೇತುವೆ ನೀವೇ ಹತ್ತಿಸಿ. ನಾನು ಪಕ್ಕದಲ್ಲಿ ಇರ್ತೀನಿ."

ಮಾರ್ಚ್ ೧೯, ಬುಧವಾರ

ಆರು ಮನೆ, ಆರು ಜನ. ದರ್ಜಿಯವರನ್ನು ಮೊನ್ನೆ ಸಂಜೆ ಮನೆಗೆ ಕಳಿಸಿದ್ದರು. ತಮ್ಮ ಸೀಟು ಬಿಡುವುದಿಲ್ಲವೆಂದು ಹಟ ಹಿಡಿದು ಅವರು ನಮ್ಮಿಬ್ಬರ ನಡುವೆ ಇರುಕಿಕೊಂಡು ಕುಳಿತರು. ಹಿಂದಿನ ಸೀಟಿನಲ್ಲಿ ಯಾರೋ "ಇವತ್ತೂ ತಳ್ಳಬೇಕಾ?" ಎಂದರು. ಯಾರೂ ನಗಲಿಲ್ಲ.

ಸೇತುವೆಯ ಏರು ಅರ್ಧ ಹತ್ತಿದ್ದೆ. ವ್ಯಾನಮ್ಮ, "ನಿಲ್ಲಿಸಿ," ಎಂದರು.

"ಇಲ್ಲಿಯಾ?"

"ಇಲ್ಲೇ. ಎಂಜಿನ್ ಆರಿಸಿ."

ಆರಿಸಿದೆ. ಹ್ಯಾಂಡ್‌ಬ್ರೇಕಿನ ಮೇಲೆ ಇಡೀ ಗಾಡಿ ತೂಗುತ್ತಿತ್ತು. ಹಿಂದೆ ಲಾರಿಯವನ ಹಾರ್ನ್. ಕನ್ನಡಿಯಲ್ಲಿ ಐದು ಮುಖ.

"ಈಗ ಹತ್ತಿಸಿ."

ಕೀ ತಿರುಗಿಸಿದೆ, ಹತ್ತಿತು. ಗೇರ್ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಮೈ ಬಿಗಿಹಿಡಿದು, ಮುಂದಕ್ಕೆ ಹೆಜ್ಜೆ ಇಟ್ಟು, ಹತ್ತಿತು. ದರ್ಜಿಯವರು ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಊರಿ ಕಣ್ಣುಮುಚ್ಚಿದ್ದರು. ತುದಿ ಮುಟ್ಟಿದ ಮೇಲೆ ಕಣ್ಣು ತೆರೆದು ಹೇಳಿದರು: "ಬಡೀಲಿಲ್ಲ."

ಆಸ್ಪತ್ರೆಯ ಗೇಟಿನಲ್ಲಿ ಎಲ್ಲರನ್ನೂ ಇಳಿಸಿದ ಮೇಲೆ ವ್ಯಾನಮ್ಮ ಕೀಗೆ ಕೈಚಾಚಿದರು. "ನಿಮ್ಮ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಗಾಡಿ ನಿಮ್ಮಲ್ಲಿಗೇ ತರ್ತೀನಿ. ಆದ್ರೆ ಸರಿ ಹೋಗಿದೆ ಅಂತ ನೀವೊಬ್ರೇ ಹೇಳಿದ್ರೆ ಒಯ್ಯಲ್ಲ. ಮೇಷ್ಟ್ರೂ ಹೇಳ್ಬೇಕು."

ನ್ಯಾಯವೇ. ಆಗಲಿ ಎಂದೆ. "ಬಸ್ಸು ಆ ಕಡೆ ಸಿಗುತ್ತೆ," ಎಂದು ಬಾಗಿಲು ಎಳೆದುಕೊಂಡರು.

ಮೂರು ಸ್ಟಾಪ್ ದಾಟಿದರೂ ಬಸ್ಸು ಬರಲಿಲ್ಲ, ನಡೆದುಕೊಂಡೇ ಬಂದೆ. ಮೇಷ್ಟ್ರು ಗ್ಯಾರೇಜಿನ ಹೊರಗೆ ರಸ್ತೆಯಲ್ಲೇ ನಿಂತಿದ್ದರು. ದೂರದಿಂದಲೇ ಕೈಯಲ್ಲಿ ಏನಾಯಿತು ಎಂದು ಕೇಳಿದರು. ನಾನೂ ದೂರದಿಂದಲೇ ಸೇತುವೆ ಹತ್ತುವ ಹಾಗೆ ಕೈ ಮಾಡಿ ತೋರಿಸಿದೆ. ನಡು ಏರಿನಲ್ಲಿ ಆರಿಸಲು ಹೇಳಿದ್ದನ್ನು ಕೇಳಿ ಅವರು ತಲೆ ಮೇಲೆ ಕೈಹೊತ್ತರು. ಅದೇ ಕಥೆಯನ್ನು ಮೂರು ಸಲ ಹೇಳಿಸಿಕೊಂಡರು. ಆಮೇಲೆ ಒಂದು ಜೀಪಿನ ಕೆಲಸ ಬಂತು, ಸಂಜೆಯವರೆಗೆ ಅದೇ ಆಯಿತು.

ಅಪ್ಪ ಇವತ್ತು ಬೆಳಿಗ್ಗೆಯಿಂದ ಸಿಡಿಮಿಡಿ. ಚಹಾ ಆರಿದೆ ಎಂದರು, ಫ್ಯಾನ್ ಶಬ್ದ ಎಂದರು. ಊಟಕ್ಕೆ ಕೂತಾಗ ತಟ್ಟೆಯನ್ನು ಮುಂದಕ್ಕೆ ತಳ್ಳಿ, "ಸೇತುವೆ ಮೇಲೆ ಏನಾಯ್ತು ಅಂತ ನನಗೊಬ್ಬರೂ ಹೇಳ್ಲಿಲ್ಲ," ಎಂದರು.

ಹೌದಲ್ಲ, ಅಪ್ಪನಿಗೆ ಹೇಳುವುದು ಮರೆತೇಹೋಗಿತ್ತು.

"ಮೇಷ್ಟ್ರು ಹೇಳಿರ್ತಾರೆ ಅಂದ್ಕೊಂಡೆ."

"ಅವರ ಬಾಯಿಂದ ನಾನ್ಯಾಕೆ ಕೇಳ್ಲಿ? ನನಗೆ ಮಗಳಿಲ್ವಾ? ಇಬ್ಬರೂ ಬೆಳಿಗ್ಗೆಯಿಂದ ಗುಸುಗುಸು ಮಾಡ್ಕೊಂಡು ನಗ್ತಾ ಇದ್ರಿ. ನಾನೊಬ್ಬ ಅಲ್ಲಿ ಕೂತಿದ್ದೀನಿ ಅನ್ನೋದು ಯಾರಿಗಾದ್ರೂ ನೆನಪಿತ್ತಾ?"

ಹೇಳಿದೆ. ಆರು ಮನೆ, ಏರು, ಲಾರಿಯ ಹಾರ್ನ್, ಬರಿಗಾಲು, ಎಲ್ಲ. ಅವರು ಅನ್ನ ಮುಟ್ಟದೆ ಕೇಳಿದರು. ರಬ್ಬರ್ ಎಷ್ಟು ಹರಿದಿತ್ತು ಎಂದು ಕೇಳಿದರು, ವೈರಿಗೆ ಎಷ್ಟು ಸಡಿಲ ಬಿಟ್ಟೆ ಎಂದು ಕೇಳಿದರು. ಒಂದು ಗೇಣು ಎಂದೆ. ಸಾಲದು, ಒಂದೂಕಾಲು ಬೇಕಿತ್ತು ಎಂದರು. ಒಂದೇ ಸಾಕು ಎಂದೆ. ಊಟ ಆರಿ ತಣ್ಣಗಾಗುವವರೆಗೆ ಇಬ್ಬರೂ ಅದಕ್ಕೇ ಜಗಳವಾಡಿದೆವು.

ಅಪ್ಪನಿಗೆ ಅಷ್ಟು ಸಿಟ್ಟು ಯಾಕೆ ಬಂತೋ ತಿಳಿಯದು. ವಯಸ್ಸಾಯಿತು, ಅದಕ್ಕೇ ಇರಬೇಕು. ನಾಳೆ ಬೇಗ ಹೋಗಬೇಕು. ಮೇಷ್ಟ್ರು ಬೆಸುಗೆ ಹಾಕುವುದನ್ನು ಕಲಿಸುತ್ತೇನೆ ಎಂದಿದ್ದಾರೆ.